ಬಂಡೆಯ ಮನೆಯ ಎರಡು ವೋಟು

ಆಕೆ ಕಟ್ಟುವುದು ಹಲ್ಲಿನ ಸೆಟ್ಟು. ಇಪ್ಪತ್ತೆಂಟು ವರ್ಷಗಳಿಂದ ಅದೇ ಕೆಲಸ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಈಕೆ ಅದಕ್ಕೆ ಪ್ಲಾಸ್ಟರ್ ಸುರಿದು, ಒಸಡಿನ ರೂಪ ಬರಿಸಿ, ಅದರ ಮೇಲೆ ಮೇಣ ಹಚ್ಚಿ ಒಂದೊಂದೇ ಹಲ್ಲು ಕೂರಿಸುತ್ತಾಳೆ. ಬಾಯಿ ಯಾರದೆಂದು ಗೊತ್ತಿಲ್ಲ. ಅಚ್ಚಿನ ತಟ್ಟೆಯ ಮೇಲೊಂದು ನಂಬರು, ಗಂಡಸೋ ಹೆಂಗಸೋ ಎಂದು ಬರೆದ ಒಂದು ಚೀಟಿ, ಅಷ್ಟೆ. ಎಷ್ಟೋ ಸಾವಿರ ಜನ ಈಕೆ ಕಟ್ಟಿದ ಹಲ್ಲಿನಲ್ಲಿ ನಗುತ್ತಾರೆ, ಅಗಿಯುತ್ತಾರೆ, ಮನೆಯವರ ಮೇಲೆ ಕಟಕಟ ಕಡಿಯುತ್ತಾರೆ. ಅವರಲ್ಲಿ ಒಬ್ಬರ ಮುಖವನ್ನೂ ಈಕೆ ನೋಡಿದವಳಲ್ಲ.

ವಯಸ್ಸು ಐವತ್ತಮೂರು. ಮದುವೆ ಆಗಲಿಲ್ಲ, ಯಾಕೆಂದು ಕೇಳುವವರೂ ಈಗ ಉಳಿದಿಲ್ಲ. ಇಂಥವಳು ಕಂಪ್ಯೂಟರಿನಲ್ಲಿ ಮೃಗಗಳನ್ನು ಕಾದಾಡಿಸುವ ಆಟ ಆಡುತ್ತಾಳೆ ಎಂದರೆ ನೀವು ನಗುತ್ತೀರಿ. ನಗಿ, ನನ್ನ ಗಂಟೇನು ಹೋಗುತ್ತದೆ? ಅವಳು ಕೆಲಸ ಮಾಡುವ ಲ್ಯಾಬಿನ ಮಾಲೀಕನೂ ನಗುತ್ತಿದ್ದ. "ಏನಮ್ಮಾ, ನಿಮ್ಮ ರಾಕ್ಷಸನ ಮರಿ ಎಲ್ಲಿಗೆ ಬಂತು? ಹಲ್ಲು ಬೇಕಾದ್ರೆ ಹೇಳಿ, ಇಲ್ಲೇ ಕಟ್ಟೋಣ" ಎನ್ನುತ್ತಿದ್ದ. ದಿನಕ್ಕೊಂದು ಸಲ ಆ ಮಾತು ಆಡದಿದ್ದರೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ. ಅವಳಿಗೂ ಅಷ್ಟೇ. ಇಡೀ ದಿನದಲ್ಲಿ ಅವಳ ಜೊತೆ ಯಾರಾದರೂ ಆಡುವ ಮಾತೆಂದರೆ ಅದೊಂದೇ.

ಆ ಆಟವನ್ನು ಮನೆಗೆ ತಂದವಳು ತಂಗಿ. ಅಕ್ಕತಂಗಿ ಇಬ್ಬರೂ ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೆ ಇದ್ದವರು. ತಂಗಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂರುತ್ತಿದ್ದಳು, ಇಡೀ ದಿನ ಜನರ ಜೊತೆ ಬಾಯಿ ಜೋರು ಮಾಡಿ ಬಂದರೂ ಮನೆಗೆ ಬಂದಮೇಲೆ ಇನ್ನೂ ಅಷ್ಟು ಮಾತು ಮಿಕ್ಕಿರುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಆ ಆಟದ ಮಂದಿಯ ಒಂದು ಕೂಟವಿತ್ತು. ಕಂಪನಿಯವರು ಮಾಡಿಕೊಟ್ಟ ನೂರಾರು ಮೃಗಗಳು ಸಾಲದೆಂದು ಇವರೇ ಎಲ್ಲ ಸೇರಿ ಹೊಸ ಮೃಗ ಹುಟ್ಟಿಸುತ್ತಿದ್ದರು. ಒಬ್ಬನೇ ಕೂತು ಮಾಡುವ ಹಾಗಿಲ್ಲ, ಅದೇ ಅಲ್ಲಿನ ಕಟ್ಟಳೆ. ಎಂಥ ಮೃಗ ಬೇಕು, ನೀರಿನದೋ ಕಲ್ಲಿನದೋ, ಅದರ ವಿಶೇಷ ಶಕ್ತಿ ಏನು, ಎಷ್ಟು ಬಲ, ಎಷ್ಟು ವೇಗ, ಯಾವ ಪಟ್ಟು, ಯಾವ ರೂಪ, ಕೊನೆಗೆ ಯಾವ ಹೆಸರು — ಒಂದೊಂದಕ್ಕೂ ಒಂದು ವಾರ ವಾದ, ಆಮೇಲೆ ವೋಟು. ಯಾರು ಯಾವುದಕ್ಕೆ ಹಾಕಿದರು ಎಂಬುದು ಎಲ್ಲರಿಗೂ ಕಾಣುವ ಹಾಗೆ ಪಟ್ಟಿಯಾಗಿ ನಿಲ್ಲುತ್ತಿತ್ತು.

ಒಂದೇ ಮನೆಯಿಂದ ಇಬ್ಬರು ವೋಟು ಹಾಕುವುದಾದರೆ ಮುಂಚೆಯೇ ತಿಳಿಸಬೇಕಿತ್ತು. ಅವರು ತಿಳಿಸಿದ್ದರು. ಕೂಟದಲ್ಲಿ ಅಕ್ಕನ ಹೆಸರು ಬಂಡೆ, ತಂಗಿಯ ಹೆಸರು ಸರಸರ. ಎರಡನ್ನೂ ಇಟ್ಟವಳು ತಂಗಿಯೇ.

ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಅಕ್ಕನಿಗೆ ನಿಧಾನದ, ಗಟ್ಟಿ ಮೈಯ, ನಿಂತಲ್ಲೇ ನಿಲ್ಲುವ ಮೃಗ ಬೇಕು. ತಂಗಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಡೆದು ಮುಗಿಸುವಂಥದ್ದು ಬೇಕು. "ಮೊದಲು ಹೊಡಿ ಕಣೇ, ಆಮೇಲೆ ಯೋಚನೆ ಮಾಡು" ಎನ್ನುವಳು ತಂಗಿ. "ನೀನು ಹೊಡೆಯೋದು, ನಾನು ಗುಡಿಸೋದು, ಇದೇ ಆಯ್ತು ಜನ್ಮವೆಲ್ಲ" ಎನ್ನುವಳು ಅಕ್ಕ. ಅನ್ನ ಆರಿ ತಣ್ಣಗಾದರೂ ವಾದ ಆರುತ್ತಿರಲಿಲ್ಲ. ಮೇಜಿನ ಆಚೆ ಈಚೆ ಕೂತು, ಒಬ್ಬಳು ಕಂಪ್ಯೂಟರಿನಲ್ಲಿ, ಇನ್ನೊಬ್ಬಳು ಮೊಬೈಲಿನಲ್ಲಿ, ಒಬ್ಬರ ವಿರುದ್ಧ ಒಬ್ಬರು ವೋಟು ಒತ್ತುವುದು, ಒತ್ತಿ ಮೂತಿ ತಿರುವುವುದು. ಕೆಳಗಿನ ಮನೆಯವರು ಇಬ್ಬರಿಗೂ ಆಸ್ತಿ ಜಗಳವಿದೆ ಎಂದೇ ತಿಳಿದಿದ್ದರು.

ಎರಡು ವರ್ಷದ ಕೆಳಗೆ ತಂಗಿಗೆ ಜ್ವರ ಬಂತು. ಮಾಮೂಲು ಜ್ವರ ಎಂದುಕೊಂಡರು. ಅದು ಎದೆಗೆ ಇಳಿಯಿತು. ಹನ್ನೊಂದು ದಿನ. ಅಷ್ಟರಲ್ಲಿ ಎಲ್ಲ ಮುಗಿದೇ ಹೋಯಿತು.

ಕೂಟಕ್ಕೆ ಅಕ್ಕ ಹೇಳಲಿಲ್ಲ. ಹೇಳಬೇಕೆಂದು ಕೂತಿದ್ದಳು, ಕೈ ಬರಲಿಲ್ಲ. ಅಷ್ಟರಲ್ಲಿ ಎರಡು ವೋಟು ದಾಟಿ ಮೂರನೆಯದರ ದಿನ ಬಂತು. ಸತತ ಮೂರು ಸಲ ವೋಟು ಹಾಕದವರ ಹೆಸರನ್ನು ಪಟ್ಟಿಯಿಂದ ತೆಗೆದುಬಿಡುವುದು ಅಲ್ಲಿನ ರೂಢಿ. ತಂಗಿಯ ಹೆಸರು ಎಲ್ಲ ಕಡೆಯಿಂದಲೂ ಹೋಗಿತ್ತು, ಬಸ್ ನಿಲ್ದಾಣದ ಹಾಜರಿಯಿಂದ, ಬ್ಯಾಂಕಿನಿಂದ, ಕೆಳಗಿನ ಅಂಚೆಪೆಟ್ಟಿಗೆಯಿಂದ. ಇದೊಂದು ಕಡೆಯಿಂದಲಾದರೂ ಹೋಗದಿರಲಿ ಎಂದು ಅವಳ ಮೊಬೈಲಿಗೆ ಚಾರ್ಜು ಹಾಕಿ, ಅಕ್ಕ ತಾನೇ ವೋಟು ಒತ್ತಿದಳು. ಯಾವುದಕ್ಕೆ ಒತ್ತುವುದೆಂದು ಒಂದು ಗಳಿಗೆ ಯೋಚಿಸಿದಳು. ಹೋದವಳ ಜೊತೆ ಇನ್ನೇನು ಹಠ ಎನಿಸಿ ತಾನು ಹಾಕಿದ್ದಕ್ಕೇ ಹಾಕಿದಳು. ಅಂದಿನಿಂದ ಪ್ರತಿ ಸಲ ಎರಡು ವೋಟು. "ಸರಸರ ಎಲ್ಲಿ ಕಾಣಿಸ್ತಾನೇ ಇಲ್ಲ? ಬಾಯಿಗೆ ಬೀಗ ಬಿತ್ತಾ?" ಎಂದು ಯಾರೋ ಕೇಳಿದಾಗ "ಅವಳಿಗೆ ಕೆಲಸ ಜಾಸ್ತಿ" ಎಂದು ಬರೆದಳು.

ಅದು ಮೋಸವೇ. ಮೋಸವಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಪಟ್ಟಿಯಲ್ಲಿ ಬಂಡೆಯ ಕೆಳಗೆ ಸರಸರ ಎಂದು ಕಾಣುವಾಗ ಅವಳಿಗೆ ಆಗುತ್ತಿದ್ದ ಸಮಾಧಾನ ಇದೆಯಲ್ಲ, ಅದನ್ನು ತೂಗುವ ತಕ್ಕಡಿಯೂ ನನ್ನ ಹತ್ತಿರ ಇಲ್ಲ.

ಈ ಸಲದ ಮೃಗ ಒಂದು ಕಪ್ಪೆ. ನೀರಿನದು, ಬೆನ್ನು ಕಲ್ಲಿನದು, ಅಲ್ಲಿಯವರೆಗೆ ಎಲ್ಲರೂ ಒಪ್ಪಿ ಆಗಿತ್ತು. ವಿಶೇಷ ಶಕ್ತಿ ಏನಿರಬೇಕು ಎಂಬಲ್ಲಿ ಕೂಟ ಎರಡು ಹೋಳಾಯಿತು. ಒಂದು ಸೂಚನೆ ಬಂಡೆಯದು: ಹೊಡೆತ ತಿಂದಷ್ಟೂ ಗಟ್ಟಿಯಾಗುವ ಬೆನ್ನು. ಇನ್ನೊಂದು ಬೇರೆ ಯಾರದೋ: ಎದುರಾಳಿ ಕೈ ಎತ್ತುವ ಮೊದಲೇ ನೆಗೆದು ಹೊಡೆಯುವ ಕಾಲು. ಆರು ವರ್ಷದಲ್ಲಿ ಅಕ್ಕನ ಸೂಚನೆ ಕೊನೆಯ ವೋಟಿನವರೆಗೆ ಬಂದದ್ದು ಇದೇ ಮೊದಲು. ವಾರವೆಲ್ಲ ಅವಳು ಹಲ್ಲಿಗೆ ಹೊಳಪು ಕೊಡುವ ಯಂತ್ರದ ಮುಂದೆ ಕೂತು ಅದರದೇ ವಾದ ಹೊಸೆದಳು. ಒಂದು ಸೆಟ್ಟಿಗೆ ಮೇಲಿನ ಹಲ್ಲನ್ನು ಕೆಳಗೆ ಕೂರಿಸಿ ಮಾಲೀಕನ ಕೈಲಿ "ಏನಮ್ಮಾ, ಇದೂ ನಿಮ್ಮ ಮರಿಗಾ?" ಎಂದು ಕೇಳಿಸಿಕೊಂಡಳು.

ಭಾನುವಾರ ಮಧ್ಯಾಹ್ನ ವೋಟು ಮುಗಿಯಿತು. ಬೆನ್ನಿಗೆ ನಲವತ್ತೊಂದು, ಕಾಲಿಗೆ ನಲವತ್ತು. ಅಕ್ಕ ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದಳು. ಗೆದ್ದೆ ಎಂದು ಹೇಳಲು ಬಾಯಿ ತೆರೆದು, ಎದುರಿನ ಕುರ್ಚಿ ನೋಡಿ, ಮುಚ್ಚಿದಳು.

ಮರುದಿನ ಕೆಲಸದಿಂದ ಬಂದು ಕೈಯ ಪ್ಲಾಸ್ಟರ್ ತೊಳೆದು ಕೂತರೆ ಒಂದು ಖಾಸಗಿ ಪತ್ರ ಬಂದಿತ್ತು. ಬರೆದವನು ವೋಟು ಎಣಿಸುವ ಹಿರಿಯ. ಕೂಟದಲ್ಲಿ ಅವನ ಹೆಸರೇ ತಕ್ಕಡಿ. ಮಹಾ ಕಟ್ಟುನಿಟ್ಟಿನ ಆಸಾಮಿ, ಆದರೆ ಕೆಟ್ಟವನಲ್ಲ.

"ಬಂಡೆಯವರೇ, ತಪ್ಪು ತಿಳ್ಕೋಬೇಡಿ. ಒಂದೇ ವೋಟಿನ ಅಂತರ ಬಂದಾಗ ಎಲ್ಲಾ ವೋಟೂ ತಿರುಗಿ ನೋಡೋದು ನಮ್ಮ ಪದ್ಧತಿ, ನಿಮಗೂ ಗೊತ್ತು. ನಿಮ್ಮನೆಯ ಎರಡು ವೋಟನ್ನೂ ಮೊದಲಿನಿಂದ ನೋಡ್ದೆ. ಮೊದಲ ನಾಲ್ಕು ವರ್ಷ, ಐವತ್ತಮೂರು ಸಲ ವೋಟು ಹಾಕಿದೀರ. ಅದರಲ್ಲಿ ನೀವಿಬ್ಬರೂ ಒಂದೇ ಕಡೆ ಹಾಕಿದ್ದು ಎರಡೇ ಸಲ. ಈ ಎರಡು ವರ್ಷದಲ್ಲಿ ಹತ್ತೊಂಬತ್ತು ಸಲ. ಹತ್ತೊಂಬತ್ತೂ ಒಂದೇ ಕಡೆ. ಸರಸರ ಅವರ ವೋಟನ್ನ ಅವರೇ ಹಾಕ್ತಿದಾರಾ?"

ಅಕ್ಕನಿಗೆ ಮೊದಲು ಬಂದದ್ದು ಕೆಂಡದಂಥ ಕೋಪ. ಇವನ್ಯಾರು ನಮ್ಮನೆ ಜಗಳ ಎಣಿಸೋಕೆ? ಕೆಲಸವಿಲ್ಲವೇ ಇವನಿಗೆ? ಎದ್ದು ನೀರು ಕುಡಿದಳು. ಬಂದು ಮತ್ತೆ ಓದಿದಳು. ಐವತ್ತಮೂರರಲ್ಲಿ ಎರಡು. ಆ ಎರಡರಲ್ಲೂ ಒಂದು ತಂಗಿ ಕನ್ನಡಕ ಹಾಕದೆ ತಪ್ಪಿ ಒತ್ತಿದ್ದು, ಅದಕ್ಕೆ ಮೂರು ದಿನ ಕೊರಗಿದ್ದಳು.

ಉತ್ತರ ಬಲು ಸುಲಭವಿತ್ತು. "ಈಗ ನಮಗಿಬ್ಬರಿಗೂ ರಾಜಿಯಾಗಿದೆ" ಎಂದು ಬರೆದರೆ ಸಾಕು. ತಕ್ಕಡಿ ನಂಬುತ್ತಾನೆ, ಹೆಸರು ಉಳಿಯುತ್ತದೆ, ಕಪ್ಪೆಗೆ ಗಟ್ಟಿಯಾಗುವ ಬೆನ್ನೂ ಸಿಗುತ್ತದೆ. ಹಾಗೇ ಬರೆದಳು. ಬರೆದದ್ದನ್ನು ನೋಡುತ್ತ ಕೂತಳು. ರಾಜಿಯಂತೆ! ತಂಗಿ ಇದನ್ನು ಓದಿದ್ದರೆ ಮೊಬೈಲು ಎತ್ತಿ ಬಿಸಾಡುತ್ತಿದ್ದಳು. ಅಕ್ಕನ ಮಾತಿಗೆಲ್ಲ ಹೂಂಗುಟ್ಟಿಕೊಂಡು, ಹಾಕು ಅಂದದ್ದಕ್ಕೆ ವೋಟು ಹಾಕಿಕೊಂಡು ಎರಡು ವರ್ಷ ಆ ಪಟ್ಟಿಯಲ್ಲಿ ನಿಂತವಳು ಯಾರೋ ಬೇರೆ ಹೆಂಗಸು. ತಂಗಿಯನ್ನು ಉಳಿಸಿಕೊಳ್ಳುತ್ತೇನೆಂದು ಹೋಗಿ, ಹೆಸರೊಂದನ್ನು ಬಿಟ್ಟು ಅವಳ ಮಿಕ್ಕಿದ್ದನ್ನೆಲ್ಲ ತಾನೇ ಒರೆಸಿಹಾಕಿದ್ದಳು. ಅಕ್ಕ ಮೇಜಿಗೆ ಹಣೆ ಒತ್ತಿ ಗಟ್ಟಿಯಾಗಿ ಅತ್ತಳು. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ.

ಆಮೇಲೆ ಆ ಸಾಲನ್ನು ಅಳಿಸಿ ಇನ್ನೊಂದು ಬರೆದಳು. "ಇಲ್ಲ. ಅವಳು ಹೋಗಿ ಎರಡು ವರ್ಷ ಆಯ್ತು. ಹಾಕ್ತಿದ್ದವಳು ನಾನು. ಮನೇಲಿ ಇರೋದು ನಾನೊಬ್ಬಳೇ." ಒಬ್ಬಳೇ ಎಂಬ ಮಾತನ್ನು ಅವಳು ಯಾರಿಗೂ ಹೇಳಿದ್ದಿಲ್ಲ, ಮಾಲೀಕನಿಗೂ.

ತಕ್ಕಡಿಯ ಉತ್ತರ ಅರ್ಧ ಗಂಟೆಗೆ ಬಂತು. "ತುಂಬಾ ಬೇಜಾರಾಯ್ತಮ್ಮ. ಅವರಿದ್ದಾಗ ಕೂಟಕ್ಕೊಂದು ಕಳೆ ಇತ್ತು. ಆದರೆ ನಿಯಮ ನಿಯಮವೇ. ಆ ವೋಟು ತೆಗೀಬೇಕು, ಹೆಸರೂ ತೆಗೀಬೇಕು. ಈಗ ನಲವತ್ತು ನಲವತ್ತು, ಸಮ. ಇನ್ನೊಂದು ದಿನ ವಾದ, ಆಮೇಲೆ ಮತ್ತೆ ವೋಟು. ನೀವು ಇರಿ, ನಿಮ್ಮನ್ನ ಯಾರೂ ಹೋಗಿ ಅನ್ನಲ್ಲ." ಅವಳು ನೋಡುತ್ತಿದ್ದಂತೆಯೇ ಪಟ್ಟಿ ಒಮ್ಮೆ ಮಿನುಗಿತು. ಬಂಡೆಯ ಕೆಳಗೆ ಇನ್ಯಾರದೋ ಹೆಸರು ಬಂದು ಕೂತಿತು.

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಬೆಳಗ್ಗೆಯೇ ಕಂಪ್ಯೂಟರಿನ ಮುಂದೆ ಕೂತು, ಎಲ್ಲರೂ ಓದುವ ಕಡೆ ಬರೆದಳು. ಸರಸರ ಇನ್ನಿಲ್ಲ ಎಂದು ಒಂದು ಸಾಲು. ಎರಡು ವರ್ಷ ನಾನೇ ಅವಳ ವೋಟು ಹಾಕಿದೆ, ಕ್ಷಮಿಸಿ ಎಂದು ಇನ್ನೊಂದು. ಅವಳು ಇದ್ದಿದ್ದರೆ ನನ್ನ ಸೂಚನೆಗೆ ಏನು ಹೇಳುತ್ತಿದ್ದಳು ಎಂಬುದನ್ನು ನಿಮಗೆ ಹೇಳಿಬಿಡುತ್ತೇನೆ, ಅದು ಅವಳ ಪಾಲು, ನಾನು ಇಟ್ಟುಕೊಳ್ಳಬಾರದು ಎಂದು ಮತ್ತೊಂದು. ಆಮೇಲೆ ತಂಗಿಯ ಮಾತನ್ನು ನೆನೆನೆನೆದು, ಅವಳ ದನಿಯಲ್ಲೇ ಬರೆಯುತ್ತ ಹೋದಳು.

"ಏ ಬಂಡೆ, ಕಪ್ಪೆಗೆ ಅಷ್ಟುದ್ದ ಕಾಲು ಇರೋದು ಕೂತ್ಕೊಂಡು ಒದೆ ತಿನ್ನೋಕಾ? ಹೊಡೆತ ತಿಂದಷ್ಟೂ ಗಟ್ಟಿಯಾಗುತ್ತಂತೆ! ಸರಿ, ಯಾರೂ ಹೊಡೆಯದೇ ಇದ್ರೆ? ವಿಷ ಹಾಕಿ ದೂರ ನಿಂತ್ರೆ? ವಿಷ ಹೊಡೆತ ಅಲ್ಲ ಕಣೇ, ಒಳಗಿಂದ ತಿನ್ನುತ್ತೆ. ಆಗ ನಿನ್ನ ಬೆನ್ನು ಏನ್ ಮಾಡುತ್ತೆ, ಮಣ್ಣು?"

ಅಲ್ಲಿಗೆ ಅಕ್ಕನ ಕೈ ನಿಂತಿತು. ವಾರವಿಡೀ ಎಂಬತ್ತು ಜನ ವಾದ ಮಾಡಿದ್ದರು, ಈ ವಿಷದ ಮಾತು ಯಾರಿಗೂ ಹೊಳೆದಿರಲಿಲ್ಲ. ತನಗಂತೂ ಹೊಳೆದೇ ಇರಲಿಲ್ಲ. ಅವಳಿದ್ದಿದ್ದರೆ ಮೊದಲ ದಿನವೇ, ಅನ್ನ ಕಲಸುತ್ತ, ಹೇಳಿ ಮುಗಿಸುತ್ತಿದ್ದಳು. ಅಕ್ಕ ಅದಕ್ಕೆ ಎದುರುತ್ತರ ಹುಡುಕಿದಳು, ಸಿಗಲಿಲ್ಲ. ಬರೆದದ್ದನ್ನು ಕಳಿಸಿದಳು.

ಕೂಟದವರು ಒಬ್ಬೊಬ್ಬರೇ ಬಂದರು. ಸಮಾಧಾನ ಹೇಳಿದರು, ಸರಸರಳ ಹಳೆಯ ಬೈಗುಳಗಳನ್ನು ಹುಡುಕಿ ತಂದು ಹಾಕಿದರು. ಅಷ್ಟಾದ ಮೇಲೆ, ಅವರೂ ಆಟದ ಮಂದಿಯೇ ತಾನೇ, ವಿಷದ ಮಾತು ಸರಿ ಇದೆ ಎಂದರು. ಬುಧವಾರ ವೋಟು ಆಯಿತು. ಅಕ್ಕ ತನ್ನದೊಂದನ್ನು ಬೆನ್ನಿಗೇ ಹಾಕಿದಳು, ಬಂಡೆ ಬಂಡೆಯೇ. ಬೆನ್ನಿಗೆ ಇಪ್ಪತ್ತೊಂಬತ್ತು, ಕಾಲಿಗೆ ಐವತ್ತೊಂದು.

ಎರಡು ವರ್ಷದ ಮೇಲೆ ಮೊದಲ ಸಲ ಅವಳು ತಂಗಿಯ ಕೈಲಿ ಸೋತಿದ್ದಳು. "ಗೆದ್ದುಬಿಟ್ಟೆ ನೋಡು, ಮಾರಾಯ್ತಿ" ಎಂದು ಎದುರಿನ ಕುರ್ಚಿಗೆ ಹೇಳಿದಳು. ಕುಣಿದಾಡಿ ಅಣಕಿಸುವವರು ಯಾರೂ ಇರಲಿಲ್ಲ. ಒಬ್ಬಳಿಗೇ ಒಂದು ತಟ್ಟೆ ಇಟ್ಟುಕೊಂಡು ಊಟಕ್ಕೆ ಕೂತಳು, ಅನ್ನ ಇನ್ನೂ ಬಿಸಿಯಾಗಿಯೇ ಇತ್ತು.