ದೊಣೆಯ ಚಿಟ್ಟೆಗಳೂ ಕೊಲ್ಲಾಪುರಮ್ಮನ ಮೇಕೆಗಳೂ

“ನನ್ನ ಅಪ್ಪಣೆ ಇಲ್ದೆ ಈ ಕಾಡ್ನಾಗೆ ಒಂದು ಚಿಟ್ಟೇನೂ ರೆಕ್ಕೆ ಬಿಚ್ಚಾಕಿಲ್ಲ, ಬುದ್ಧಿ!”

ರೇಂಜರ್ ಚಂದ್ರಶೇಖರಯ್ಯನವರ ಮುಂದೆ ಹೀಗೆ ಎದೆಯುಬ್ಬಿಸಿದವನು ತೋವಿನಕೆರೆ ಕಡೆಯ ಸರ್ಕಾರಿ ಕಾಡಿನ ಗಾರ್ಡು ಶಂಕರಲಿಂಗಪ್ಪ. ಅವನ ಮೀಸೆಯ ಒಂದು ತುದಿ ಕೊರಟಗೆರೆಯಲ್ಲಿ ನೆನೆದರೆ ಇನ್ನೊಂದು ಮಧುಗಿರಿಯಲ್ಲಿ ಒಣಗುತ್ತಿತ್ತು. ಅದಕ್ಕೆ ಹೆದರದ ಜೀವ ಆ ಸೀಮೆಗೆಲ್ಲ ಒಂದೇ, ಮೇಕೆ ಕಾಯುವ ಕೊಲ್ಲಾಪುರಮ್ಮ.

ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ನಲವತ್ತು ಮೇಕೆ ಮತ್ತು ಒಂದು ನಾಲಿಗೆ. ಅವಳು ಬೈದರೆ ಜಾಲಿಮರ ಮುಳ್ಳನ್ನು ಒಳಗೆಳೆದುಕೊಳ್ಳುತ್ತಿತ್ತು, ನಾನೇ ಕಂಡಿದ್ದೇನೆ. ಚೈತ್ರದಲ್ಲಿ ಊರ ಬಾವಿಗಳು ತಳ ಕಂಡಾಗ ಅವಳ ಮೇಕೆಗಳಿಗಿದ್ದ ನೀರು ಕಾಡೊಳಗೆ ಬಂಡೆಯ ದೊಣೆಯಲ್ಲಿ ನಿಂತದ್ದು ಮಾತ್ರ. ಅದೇ ದೊಣೆಯ ಅಂಚಿನಲ್ಲಿ ಚಿಟ್ಟೆಗಳು ಮುತ್ತುತ್ತಿದ್ದವು. ಎಣಿಸಹೋಗಿ ಮೂರು ಲಕ್ಷಕ್ಕೆ ನಾನು ಸುಸ್ತಾದೆ. ಅವನ್ನು ಹಿಡಿಯಲು ಕಳ್ಳಿಪೀರದ ಹಕ್ಕಿಗಳು ಬರುತ್ತಿದ್ದವು, ಮೇಕೆಗಳ ಬೆನ್ನೇರಿ ಕಾಜಾಣಗಳು.

ಶ್ರೀಮುಖ ಸಂವತ್ಸರದ ಯುಗಾದಿ ಮುಗಿದ ವಾರ, ಹಕ್ಕಿ ಚಿಟ್ಟೆ ನೋಡುವ ದೊರೆಯೊಬ್ಬ ಮೈಸೂರಿನಿಂದ ಬರುವನೆಂದು ಆರ್ಡರಾಯಿತು. ಶಂಕರಲಿಂಗಪ್ಪ ದೊಣೆಯ ದಾರಿಗೆ ಮುಳ್ಳುಬೇಲಿ ಹಾಕಿದ.

“ಲೇ ಮುದುಕಿ, ಮೇಕೆ ಇತ್ಲಾಗೆ ಬಂದ್ರೆ ಒಂದೂ ಬುಡ್ದಂಗೆ ಸರ್ಕಾರಿ ದೊಡ್ಡಿಗೆ ಹೊಡಿತೀನಿ!”

“ನೀರಿಲ್ದೆ ಸಾಯ್ತಾವೆ ಕಣ್ಲಾ!”

“ಸಾಯ್ಲಿ. ದೊರೆ ಬರೋ ಜಾಗ, ಗಬ್ಬೆಬ್ಬಿಸಿದ್ದೀಯ.”

ದೊಡ್ಡವರು ಬರುತ್ತಾರೆಂದರೆ ನಮ್ಮವರು ಮಾಡುವುದನ್ನೆಲ್ಲ ಅವನೂ ಮಾಡಿದ. ಹಿಕ್ಕೆ ಗುಡಿಸಿದ, ಅಂಚಿನ ಕೆಸರು ಕೆತ್ತಿ ಗರಸು ಹಾಸಿದ, ಬಂಡೆಗೆ ಸುಣ್ಣದ ಪಟ್ಟೆ ಬಳಿಸಿದ, ರಂಗೋಲಿ ಬಿಡಿಸಿ ಮಾವಿನ ತೋರಣ ಕಟ್ಟಿಸಿದ. ಐದು ದಿನದಲ್ಲಿ ದೊಣೆ ಮದುವೆಮನೆಯಾಯಿತು. ಅದೇ ಐದು ದಿನದಲ್ಲಿ ಕೊಲ್ಲಾಪುರಮ್ಮನ ಎರಡು ಮರಿ ಬಾಯಾರಿ ಸತ್ತವು.

ದೊರೆ ಬಂದ. ದುರ್ಬೀನು ಹಿಡಿದು ಮಧ್ಯಾಹ್ನದವರೆಗೆ ಕೂತ. ಒಂದು ಕಾಗೆ ಬಂದು, ರಂಗೋಲಿ ನೋಡಿ, ತನಗೆ ಕರೆಯೋಲೆಯಿಲ್ಲವೆಂದು ಹಾರಿಹೋಯಿತು. ಚಿಟ್ಟೆ? ಒಂದೂ ಇಲ್ಲ. ದೊರೆ ಮೂಗು ಸಿಂಡರಿಸಿ ರೇಂಜರಿಗೆ ಏನೋ ಹೇಳಿದ. ರೇಂಜರು ಗಾರ್ಡಿನತ್ತ ತಿರುಗಿದರು.

“ಲೋ ಮುಠ್ಠಾಳ, ಮೇಕೆ ಉಚ್ಚೆ ನೆನೆದ ಕೆಸರಿನಲ್ಲಿ ಉಪ್ಪಿರುತ್ತಂತೆ. ಚಿಟ್ಟೆ ಬರೋದು ಅದನ್ನ ಹೀರೋಕೆ. ನೀನು ಅದನ್ನೇ ಕೆತ್ತಿ ಬಿಸಾಕಿದೀಯ! ದೊರೆ ಇನ್ನು ಮೂರು ದಿನ ಇರ್ತಾರೆ. ಅಷ್ಟರಲ್ಲಿ ಚಿಟ್ಟೆ ಬರದಿದ್ರೆ ನಿನ್ನ ಬೆಲ್ಟು ಬಿಚ್ಚಿಸ್ತೀನಿ.”

ಸಂಜೆಯೊಳಗೆ ಶಂಕರಲಿಂಗಪ್ಪ ಅವಳ ಗುಡಿಸಲ ಮುಂದಿದ್ದ. ಅವಳು ಕೂರೆನ್ನಲಿಲ್ಲ.

“ಯಕ್ಕಾ, ಮೇಕೆ ಹೊಡ್ಕೊಂಡು ಬಾರಕ್ಕ. ಮೂರೇ ದಿನ.”

“ಮೂರು ದಿನ ಅಲ್ಲ, ಮಳೆ ಬರೋಗಂಟ ದಿನಾಲೂ ಬತ್ತೀನಿ. ಬೇಲಿ ನೀನೇ ಕೀಳು.”

“ರೂಲ್ಸು ಒಪ್ಪಾಕಿಲ್ಲ ಕಣಕ್ಕ...”

“ಅಂಗಂದ್ರೆ ನೀನೇ ಓಗಿ ದೊಣೆ ಸುತ್ತ ಕುಕ್ಕರುಗಾಲಲ್ಲಿ ಕೂತು ಉಚ್ಚೆ ಉಯ್ಯಿ. ದೊರೆ ದುರ್ಬೀನ್ನಾಗೆ ನಿನ್ನೇ ನೋಡ್ಕಳ್ಲಿ!”