ಕಣಗಲಾದಿಂದ ತಂದ ಕಾರ್ಬನ್ ಸೈಕಲ್

ಸೈಕಲ್ ರೇಸಿನ ಆಯ್ಕೆ ಟ್ರಯಲ್‌ಗೆ ಹನ್ನೆರಡೇ ದಿನ ಉಳಿದಿದ್ದವು, ನನ್ನ ಬಳಿ ಸೈಕಲ್ ಇರಲಿಲ್ಲ. ಇತ್ತು ಅನ್ನಿ, ಹಳೆಯ ಅಲ್ಯೂಮಿನಿಯಂ ಸೈಕಲ್. ಅದರ ಮೇಲೆ ಕುಳಿತು ಕಾರ್ಬನ್ ಸೈಕಲ್ಲಿನವರ ಬೆನ್ನು ನೋಡುತ್ತಲೇ ಎರಡು ವರ್ಷ ಕಳೆದಿದ್ದೆ. ವಯೋಮಿತಿಯ ಪ್ರಕಾರ ಅದು ನನ್ನ ಕೊನೆಯ ವರ್ಷ. ಈ ಸಲ ರಾಜ್ಯ ತಂಡಕ್ಕೆ ಆಯ್ಕೆಯಾಗದಿದ್ದರೆ ಮತ್ತೆ ಯಾರೂ ಕರೆಯುವುದಿಲ್ಲ.

ಹೊಸದನ್ನು ತರಿಸಿಕೊಡುತ್ತೇನೆಂದು ಗೋಕಾಕದ ಅಂಗಡಿಯವರು ಒಪ್ಪಿದ್ದರು. ಯಾವಾಗ ಫೋನ್ ಮಾಡಿದರೂ ಒಂದೇ ಮಾತು: "ಎಂಟ ದಿನದಾಗ ಬರತೈತ್ರಿ." ಆ ಎಂಟು ದಿನ ತಿಂಗಳಾದರೂ ಮುಗಿಯಲಿಲ್ಲ. ಅಷ್ಟರಲ್ಲಿ ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಕಣಗಲಾದ ಸೀನಿಯರ್ ಒಬ್ಬಳು ತನ್ನ ಕಾರ್ಬನ್ ಸೈಕಲ್ ಮಾರುತ್ತಾಳೆಂದು ಗೊತ್ತಾಯಿತು. ಮೊದಲು ನಮ್ಮ ಜೊತೆಯಲ್ಲೇ ಓಡಿಸುತ್ತಿದ್ದವಳು, ನೌಕರಿ ಸಿಕ್ಕ ಮೇಲೆ ರೇಸ್ ಬಿಟ್ಟಿದ್ದಳು. ನಾನು ಕನಸಿನಲ್ಲೂ ಹೊಸದಾಗಿ ಕೊಳ್ಳಲಾಗದ ಸೈಕಲ್ ಅದು. ಆದರೆ ಮೂಡಲಗಿಯ ಗೆಳತಿಯರು ಹೆದರಿಸಿದರು: "ಹಳೇ ಕಾರ್ಬನ್ ನಂಬಬ್ಯಾಡ. ಒಳಗ ಬಿರಕ ಬಿಟ್ಟಿದ್ರ ಯಾರಿಗಿ ಗೊತ್ತಾಗತೈತಿ?"

ಅಪ್ಪನನ್ನು ಕೇಳಿದೆ. "ನಿನ್ನ ಕಾಲಿಗಿ ಯಾವದು ಹೊಂದತೈತಿ ಅದನ್ನ ತಗೋಳವಾ. ನನಗೇನ ತಿಳೀತೈತಿ ಅದರಾಗ?" ಅಂದ. ಮರುದಿನ ಬೆಳಿಗ್ಗೆಯೇ ನಮ್ಮೂರು ಮಸಗುಪ್ಪಿಯಲ್ಲಿ ಬಾಜೂ ಮನೆಯವರ ಗೂಡ್ಸ್ ಗಾಡಿ ಕೇಳಿಕೊಂಡು, ತಾನೇ ಓಡಿಸಿಕೊಂಡು ಕಣಗಲಾಕ್ಕೆ ಕರೆದೊಯ್ದ.

ಅಕ್ಕನ ಅಂಗಳದಲ್ಲಿ ನಾಣ್ಯ ಹಿಡಿದು ಫ್ರೇಮನ್ನು ಬೆರಳು ಬೆರಳು ಅಂತರಕ್ಕೆ ತಟ್ಟಿದೆ. ಬಿರುಕಿದ್ದ ಕಡೆ ದನಿ ಮಂಕಾಗುತ್ತದೆ. ಎಲ್ಲ ಕಡೆ ಖಣಖಣ ಅಂದಿತು. "ಹೆಣ್ಣ ನೋಡಾಕ ಬಂದವರು ಸೈತ ಇಷ್ಟ ನೋಡಂಗಿಲ್ಲ ಬಿಡವಾ" ಎಂದು ಅಕ್ಕ ನಕ್ಕಳು. ಹೈವೇ ಬದಿಯ ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದೆ. ಇಷ್ಟು ದಿನ ನನ್ನ ಕಾಲು ಬಡವಾಗಿರಲಿಲ್ಲ, ಸೈಕಲ್ ಬಡವಾಗಿತ್ತು ಎಂದು ಅಳು ಬಂತು. ಅಪ್ಪ ರೊಕ್ಕ ಕೊಟ್ಟ. ನಾನು ಅದನ್ನೇ ಓಡಿಸಿಕೊಂಡು ಊರಿಗೆ ಬರುತ್ತೇನೆಂದರೆ, ಹೈವೇ ಲಾರಿಗಳಿಗೆ ಹೆದರಿ ಬೇಡವೆಂದ.

ಹೊಸ ಸೈಕಲ್ ಬೇಡವೆಂದು ಹೇಳಲು ನಾನು ಒಳಗೆ ಹೋಗಿ ಗೋಕಾಕದ ಅಂಗಡಿಗೆ ಫೋನ್ ಹಚ್ಚಿದೆ. ಆ ದಿನವೇ ಸೈಕಲ್ ಬಂದಿತ್ತಂತೆ! "ಖರೇನ ಬ್ಯಾಡೇನ್ರಿ? ಹುಕ್ಕೇರಿಯವರೊಬ್ಬರು ಇಲ್ಲೇ ಕುಂತಾರ, ಅವರಿಗಿ ಕೊಟ್ಟಬಿಡ್ತೇನಿ ನೋಡ್ರಿ" ಅಂದರು. ಕೊಡ್ರಿ ಅಂದೆ, ಸೊಕ್ಕಿನಿಂದಲೇ ಅಂದೆ.

ಹೊರಗೆ ಬಂದರೆ ಅಪ್ಪ ಸೈಕಲ್ಲನ್ನು ಗಾಡಿಗೆ ಏರಿಸಿ, ಕಟ್ಟಿ ಮುಗಿಸಿದ್ದ. ಕಬ್ಬಿನ ಟ್ರ್ಯಾಲಿ ಕಟ್ಟುವುದರಲ್ಲಿ ಅವನ ಕೈ ಊರಿಗೇ ಹೆಸರು. ಅವನು ಬಿಗಿದ ಹೇರಿನಿಂದ ಫ್ಯಾಕ್ಟರಿ ಮುಟ್ಟುವವರೆಗೆ ಒಂದು ಜಲ್ಲೆಯೂ ಜಾರುತ್ತಿರಲಿಲ್ಲ. ಅದೇ ರೀತಿ ಸೈಕಲ್ಲಿನ ಮೇಲಿನ ಕೊಳವೆಗೆ ಹಗ್ಗ ಸುತ್ತಿ, ಹಗ್ಗದಲ್ಲಿ ಬಡಿಗೆ ತೂರಿಸಿ, ತಿರುವಿ ತಿರುವಿ ಬಿಗಿದಿದ್ದ.

"ಈಗ ಎಂಥಾ ತೆಗ್ಗಿನಾಗ ಬಿದ್ರೂ ಅಳಗ್ಯಾಡಂಗಿಲ್ಲವಾ" ಅಂದ.

ಕಾರ್ಬನ್ ಎಷ್ಟು ಓಡಿಸಿದರೂ ತಾಳುತ್ತದೆ, ಹಿಸುಕಿದರೆ ತಾಳುವುದಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಬಿಚ್ಚಿ ನೋಡಿದರೆ ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ. ನಾಣ್ಯದಿಂದ ತಟ್ಟಿದೆ. ಬದ್ ಅಂದಿತು.

"ಇದೇನ ಕಬ್ಬಿನ ಹೇರ ಏನ? ಯಾರ ಕಟ್ಟಂದ್ರ ನಿನಗ? ನಿನ್ನ ಕೈ ಮುರೀಲಿ!"

ಹೆತ್ತ ಅಪ್ಪನಿಗೆ, ಅಕ್ಕನ ಎದುರಿಗೆ, ಹಾಗೆ ಅಂದೆ. ಅಪ್ಪ ಹಗ್ಗ ಸುತ್ತಿಕೊಳ್ಳುತ್ತ ನಿಂತ. ಗೋಕಾಕಕ್ಕೆ ಮತ್ತೆ ಫೋನ್ ಮಾಡಿದೆ. ಹುಕ್ಕೇರಿಯವರು ಆಗಲೇ ಸೈಕಲ್ ಒಯ್ದಿದ್ದರು. ಅಂಗಳದಲ್ಲೇ ಕುಕ್ಕರಿಸಿ ಅತ್ತೆ. "ಇದನ್ನ ಹತ್ತಬ್ಯಾಡ, ಇಳಿಜಾರದಾಗ ಮುರಿದ್ರ ಜೀವ ಹೋಗತೈತಿ" ಎಂದು ಅಕ್ಕ ರೊಕ್ಕ ವಾಪಸ್ ಕೊಡಲು ಬಂದಳು. ಅಪ್ಪ ಮುಟ್ಟಲಿಲ್ಲ. "ತಪ್ಪ ನಮ್ಮದೈತ್ರಿ" ಎಂದಷ್ಟೇ ಅಂದ. ಬಿರುಕು ಬಿಟ್ಟ ಸೈಕಲ್ಲನ್ನೇ ಗಾಡಿಯಲ್ಲಿ ಹಾಕಿಕೊಂಡು ಊರಿಗೆ ಬಂದೆವು.

ಹಳೆಯ ಸೈಕಲ್ಲಿನ ಮೇಲೆಯೇ ಟ್ರಯಲ್‌ಗೆ ಹೋದೆ. ನಾಲ್ವರನ್ನು ಆರಿಸಿದರು, ನಾನು ಐದನೆಯವಳು. ಬಸ್ಸಿನ ಕಿಟಕಿಗೆ ಹಣೆ ಹಚ್ಚಿಕೊಂಡು ಗೋಕಾಕದವರೆಗೆ ಬಂದೆ, ಮುಂದಿನ ವರ್ಷ ಎನ್ನುವುದು ಇರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ನಿಂತಿದ್ದ. ಯಾವಾಗಲೂ ಬಸ್ಸು ನಿಲ್ಲುವ ಮೊದಲೇ ಓಡಿ ಬಂದು, ಮೇಲಿನಿಂದ ಸೈಕಲ್ ಇಳಿಸಿಕೊಂಡು ಹೆಗಲಿಗೇರಿಸುತ್ತಿದ್ದ. ಅಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರವೇ ನಿಂತ. ಕಂಡಕ್ಟರ್ ಮತ್ತು ನಾನು ಸೇರಿ ಇಳಿಸಿದೆವು.

"ಹಿಡಿ ಅಪ್ಪಾ" ಅಂದೆ.

"ನೀನ ಹಿಡಕೋಳವಾ."

"ಹಳೇದ ಐತಿ, ಏನೂ ಆಗಂಗಿಲ್ಲ. ಹಿಡಿ."

ಅಪ್ಪ ಕೈ ಮುಂದೆ ತರಲಿಲ್ಲ. "ಬ್ಯಾಡವಾ" ಅಂದ, "ಅದೊಂದಾದ್ರೂ ಉಳೀಲಿ ನಿನಗ."