ಸುರಪುರದಲ್ಲಿ ಕ್ಯಾಮೆರಾಕ್ಕೆ ಪೇಟಿ ಬಾರಿಸಿದ್ದು

ಯಾದಗಿರಿಯಲ್ಲಿ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಹಾರ್ಮೋನಿಯಂ ಪೇಟಿ ಇತ್ತು. "ಇದರಾಗ ಏನದರಿ?" ಎಂದ ಕಂಡಕ್ಟರ್.

"ಹಾವು."

ಶಹಾಪುರದವರೆಗೆ ಪಕ್ಕದ ಸೀಟು ಖಾಲಿಯೇ ಉಳಿಯಿತು. ಅಲ್ಲಿ ಮಿರ್ಚಿ ಭಜಿ ತಿಂದು ಬಸ್ಸು ಬದಲಿಸಿದೆ. ಜೋಳ ನಿಲ್ಲುತ್ತಿದ್ದ ಕರಿ ಹೊಲಗಳಲ್ಲಿ ಈಗ ಕಾಲುವೆ ನೀರು, ಭತ್ತ. ಸೆಕೆಯೂ ಒದ್ದೆ.

ಬಯಲಾಟಕ್ಕೆ ನನ್ನಂತೆ ಪೇಟಿ ಬಾರಿಸುವವರು ಈ ಸೀಮೆಯಲ್ಲಿಲ್ಲ. ಇದ್ದವರು ಸತ್ತಿದ್ದಾರೆ. ಹಾಗಾಗಿಯೇ ಸುರಪುರದ ಸಂಗೀತ ಟೀಚರ್ ಸವಿತಾ ನನ್ನನ್ನು ಕರೆಸಿದ್ದಳು. ಕುರಿ ಕಾಯುವ ಹೆಂಗಸಿನ ದಾರಿಗೆ ಕಾಲುವೆ ಅಡ್ಡ ಬಂದ ಕಥೆಯನ್ನು ಅವಳು ನಾಟಕ ಮಾಡಿದ್ದಳು, ಅದೂ ವಿಡಿಯೋ ಗೇಮಿನ ತಂತ್ರದಲ್ಲಿ. ನಟಿ ಹೆಜ್ಜೆ ಇಡುವುದನ್ನು ಕ್ಯಾಮೆರಾ ನೋಡುತ್ತದೆ. ಪರದೆಯ ಕಾಲುವೆ ಹತ್ತಿರ ಬರುತ್ತದೆ, ಕಂಪ್ಯೂಟರು ಅದಕ್ಕೆ ತಕ್ಕ ಸಂಗೀತ ನುಡಿಸುತ್ತದೆ. ಸಂಜೆಗೆ ಆಟ. ಆದರೆ ನಾನು ಹೋಗಿ ಮುಟ್ಟಿದಾಗ, ಆ ಹೆಂಗಸಿನ ಪಾತ್ರ ಮಾಡಬೇಕಿದ್ದ ಬಯಲಾಟದ ಹಳೆಯ ನಟಿ ನಾಗಮ್ಮ ಕದಲುತ್ತಲೇ ಇರಲಿಲ್ಲ.

"ಪೇಟಿ ಎತ್ತಿಕೊಡದ ಹೆಜ್ಜಿ ಹ್ಯಾಂಗ ಇಡ್ಲಿ?"

"ನೀವು ಇಟ್ರನ ಅದು ಬಾರಸ್ತದವ್ವ," ಎಂದಳು ಸವಿತಾ ಅಳುವ ದನಿಯಲ್ಲಿ.

"ಹಂಗಾರ ಅದನ್ನ ಕುಣಸು. ನಾ ಮನಿಗಿ ಹೊಂಟೀನಿ."

ನಾನು ರಂಗಕ್ಕೆ ನುಗ್ಗಿ ಅಡ್ಡಾದಿಡ್ಡಿ ಕುಣಿದೆ. ಕಂಪ್ಯೂಟರು ಎಲ್ಲ ರಾಗಗಳನ್ನೂ ಒಟ್ಟಿಗೆ ಕಕ್ಕಿತು.

"ಕಾಕಾ, ಸಾಕ್ ಮಾಡ್ರಿ, ಕೆಡ್ತದ!"

"ಕೆಡ್ಲಿ. ಅದಕ್ಕ ಕಾಯೂದು ಗೊತ್ತದ, ಕರಿಯೂದು ಗೊತ್ತಿಲ್ಲ."

ಮಧ್ಯಾಹ್ನವೆಲ್ಲ ಸಣ್ಣ ಸಣ್ಣ ಚಾಲು, ಅಂದರೆ ಹೆಜ್ಜೆ ಎತ್ತಿಕೊಡುವ ಧಾಟಿಗಳನ್ನು, ನುಡಿಸಿದೆ. ಎಲ್ಲವೂ ಷಡ್ಜದಲ್ಲಿ ಮುಗಿಯಬೇಕು, ಆಗ ಯಾವುದರ ಹಿಂದೆ ಯಾವುದು ಬಂದರೂ ಕೂಡುತ್ತದೆ. ನಟಿ ನಿಂತರೆ ಶ್ರುತಿ, ಇನ್ನೂ ನಿಂತರೆ ಕರೆಯುವ ಚಾಲು. ಸವಿತಾ ಅವನ್ನೆಲ್ಲ ಕಂಪ್ಯೂಟರಿಗೆ ಕಲಿಸಿದಳು. ನಾಗಮ್ಮ ಕೇಳಿ ಸೆರಗು ಬಿಗಿದಳು. "ಈಗ ಮಂದ್ಯಾಗ ನಿಂತಂಗಾತು."

ಸಂಜೆ ಅವಳು ಕಾಲುವೆಯ ಅಂಚಿನವರೆಗೆ ಚೆನ್ನಾಗಿಯೇ ಬಂದಳು. ಅಲ್ಲಿ ನಿಂತಳು. ಚಾಲು ಕರೆಯಿತು. "ಕುರಿ ಹಿಂದ ಉಳದಾವು," ಎಂದು, ನಾಟಕದಲ್ಲಿಲ್ಲದ ಮಾತಾಡಿ, ತಿರುಗಿ ನಡೆದೇಬಿಟ್ಟಳು. ಹಿಂದಕ್ಕೆ ಹೋಗುವವಳಿಗೆ ನಾವು ಏನೂ ಕಟ್ಟಿರಲಿಲ್ಲ. ಕಂಪ್ಯೂಟರು ಮೂಕವಾಯಿತು. ಸವಿತಾ ನನ್ನ ತೋಳು ಚಿವುಟಿ ಹಿಡಿದಳು. ಆಗ ಆಟ ನೋಡಲು ಬಂದು ಮುಂದೆ ಕೂತಿದ್ದ ಕುರಿ ಕಾಯುವವರು, ಒಬ್ಬರ ಹಿಂದೆ ಒಬ್ಬರು, ನಾಲಿಗೆ ಹೊರಳಿಸಿ ಕುರಿ ಕರೆಯತೊಡಗಿದರು. ಆ ಸದ್ದನ್ನೇ ಬೆನ್ನಿಗೆ ಹಾಕಿಕೊಂಡು ನಾಗಮ್ಮ ಮರಳಿ ಬಂದು ಕಾಲುವೆಗೆ ಕಾಲಿಟ್ಟಳು. ಸಂಗೀತ ಅವಳ ಜೊತೆಗೇ ಎದ್ದಿತು.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸವಿತಾ ಚಹಾ ಕೊಡಿಸಿದಳು. "ಹಿಂದಕ್ಕ ಹೋಗೂದಕ್ಕೂ ಒಂದು ಚಾಲು ಕಟ್ಟಿಕೊಡ್ರಿ, ಕಾಕಾ."

"ಬೇಕಂತನ ಬಿಟ್ಟಿದ್ದೆ," ಎಂದೆ ಗತ್ತಿನಿಂದ.

ಯಾದಗಿರಿಯ ನೇರ ಬಸ್ಸು ಹೊರಟ ಮೇಲೆ ಮೊಣಕಾಲ ಮೇಲೆ ಬೆರಳಾಡಿಸುತ್ತಾ ಆ ಚಾಲು ಹುಡುಕಿದೆ. ಶಹಾಪುರ ಬಂತು, ಹೋಯಿತು. ನನಗೆ ಬರುವ ಚಾಲುಗಳೆಲ್ಲ ಜನರನ್ನು ರಂಗಕ್ಕೆ ಕರೆಯುವಂಥವೇ.